ಆರ್ಡರ್ ಕಾಪಿ ಎಲ್ಲೈತೆ ಅಂತ ಕೇಳಿ ಸ್ವಾಮಿ

ಓದುಗರ ಪ್ರಶ್ನೆ, ತುಮಕೂರಿನ ವಕೀಲರ ಉತ್ತರ

ಈ ಸಲ ಬಂದಿರೋ ಕಾಗದ, ವಾಟ್ಸಾಪ್ ಎಲ್ಲಾ ಟೇಬಲ್ ಮೇಲೆ ಹರಡ್ಕೊಂಡು ಕೂತಾಗ ನೋಡ್ತೀನಿ, ಜಮೀನು ಪಾಲು, ಚೆಕ್ ಬೌನ್ಸ್ ಪಕ್ಕಕ್ಕಿಟ್ರೆ ಅರ್ಧಕ್ಕರ್ಧ ಜನ ಕೇಳಿರೋದು ಒಂದೇ ವಿಷಯ. ಏನು ತಿನ್ಬೇಕು, ಏನು ಉಡ್ಬೇಕು, ಹರಕೆ ಹೆಂಗೆ ತೀರಿಸ್ಬೇಕು, ಯಾರು ಯಾವುದನ್ನ ಮುಟ್ಬಾರದು, ಇದೆಲ್ಲದರಲ್ಲಿ ಕಾನೂನು ಎಲ್ಲಿವರ್ಗೂ ಒಳಗೆ ಬರ್ಬಹುದು ಅಂತ. ಸರಿ, ಈ ವಾರ ಬರೀ ಅದೇ ಇರ್ಲಿ. ಪಾರಿಕತ್ತು ಕೇಳಿದೋರು ಬೇಜಾರು ಮಾಡ್ಕೋಬೇಡಿ, ಮುಂದಿನ ಸಂಚಿಕೆಗೆ ಇಟ್ಕೊಂಡಿದ್ದೀನಿ.

ಪ್ರಶ್ನೆ: ಸಾರ್, ಚಿಂತಾಮಣೀಲಿ ನಮ್ದು ಮಟನ್ ಅಂಗಡಿ, ನಮ್ಮಪ್ಪನ ಕಾಲದ್ದು. ರಾಮನವಮಿ, ಮಹಾವೀರ ಜಯಂತಿ, ಗಾಂಧಿ ಜಯಂತಿ ಇಂಥ ದಿನ ನಗರಸಭೆಯೋರು ಹೇಳ್ತಾರೆ, ಮುಚ್ತೀವಿ, ತಕರಾರಿಲ್ಲ. ಈಗ ಎರಡು ವರ್ಷದಿಂದ ಶ್ರಾವಣ ಶನಿವಾರನೂ ಮುಚ್ಚಬೇಕು ಅಂತ ಏರಿಯಾದ ಹುಡುಗ್ರು ಬೈಕಲ್ಲಿ ಬರ್ತಾರೆ. ಹೋದ ವರ್ಷ ಬೆಳಿಗ್ಗೆ ಆರಕ್ಕೇ ಎರಡು ಟಗರು ಕೊಯ್ದು ಕೊಕ್ಕೆಗೆ ಹಾಕಾಗಿತ್ತು, ಬಂದೋರೇ ಶಟರ್ ಅರ್ಧ ಎಳೆದು ಕಾನೂನು ಇದೆ ಅಂದ್ರು. ಅಷ್ಟು ಮಾಂಸ ಫ್ರಿಜ್ಜಲ್ಲಿ ಹಿಡಿಯುತ್ತಾ, ಅರ್ಧ ರೇಟಿಗೆ ಹೋಟ್ಲಿಗೆ ಹಾಕ್ದೆ. ನಿಜವಾಗ್ಲೂ ಅಂಥ ಕಾನೂನು ಇದೆಯಾ?
ಹೆಸರು ಬೇಡ, ಚಿಂತಾಮಣಿ

ಉತ್ತರ: ಅಣ್ಣ, ನಿಮ್ಮ ಕಾಗದದಲ್ಲಿ ಎರಡು ಬೇರೆ ಬೇರೆ ಮುಚ್ಚೋದು ಇದೆ, ನೀವು ಅದನ್ನ ಒಂದೇ ಚೀಲಕ್ಕೆ ಹಾಕಿದ್ದೀರ.

ಮೊದಲನೇದು ನಗರಸಭೆ ಹೇಳೋ ದಿನಗಳು. ಸರ್ಕಾರದ ಆದೇಶ ಇರುತ್ತೆ, ಪೌರಾಯುಕ್ತರ ಸಹಿ ಇರುತ್ತೆ, ಪೇಪರಲ್ಲೂ ಬರುತ್ತೆ. ಅದನ್ನ ಕೋರ್ಟಲ್ಲಿ ಪ್ರಶ್ನೆ ಮಾಡಿದೋರು ಇದ್ದಾರೆ, ಗೆದ್ದಿದ್ದು ಕಮ್ಮಿ. ಅಹಮದಾಬಾದಲ್ಲಿ ಜೈನರ ಪರ್ಯೂಷಣ ಹಬ್ಬದ 9 ದಿನ ಕಸಾಯಿಖಾನೆ ಮುಚ್ಚಬೇಕು ಅಂತ ಅಲ್ಲಿನ ಪಾಲಿಕೆ ಮಾಡಿತ್ತು, ಮಾಂಸ ವ್ಯಾಪಾರದ ಕುರೇಶಿ ಜಮಾತಿನೋರು ಗುಜರಾತ್ ಹೈಕೋರ್ಟಲ್ಲಿ ಗೆದ್ರು, ಆದ್ರೆ 2008ರಲ್ಲಿ ಸುಪ್ರೀಂ ಕೋರ್ಟು ಅದನ್ನ ತಿರುಗಿಸಿ, ವರ್ಷದಲ್ಲಿ 9 ದಿನ ಏನು ಜಾಸ್ತಿ ಅಲ್ಲ, ಪಕ್ಕದೋರ ಮನಸ್ಸಿಗೆ ಅಷ್ಟು ಮರ್ಯಾದೆ ಕೊಡಿ ಅಂತು. ಅದೇ ತೀರ್ಪಲ್ಲಿ ಮನುಷ್ಯ ಏನು ತಿಂತಾನೆ ಅನ್ನೋದು ಅವನ ಸ್ವಂತ ವಿಷಯ ಅಂತಾನೂ ಬರೆದಿದ್ದಾರೆ, ಅಕ್ಬರ್ ಬಾದಷಾನ ಉದಾಹರಣೆನೂ ಬರುತ್ತೆ. ಅದಕ್ಕೂ ಮುಂಚೆ 2004ರಲ್ಲಿ ಋಷಿಕೇಶದ ಕೇಸು, ಅಲ್ಲಿ ಮಾಂಸ ಮೀನು ಮಾತ್ರ ಅಲ್ಲ ಮೊಟ್ಟೆ ಮಾರೋದನ್ನೂ ನಿಲ್ಲಿಸಿದ್ರು, ಅದೂ ವರ್ಷಪೂರ್ತಿ, ಕೋರ್ಟು ಒಪ್ಪಿಕೊಂಡ್ತು, ಯಾತ್ರಾಸ್ಥಳ ಅನ್ನೋ ಕಾರಣಕ್ಕೆ. ನನಗೆ ಕೇಳಿದ್ರೆ 9 ದಿನ ಅಂತ ಲೆಕ್ಕ ಹಾಕೋ ತೀರ್ಪು ಸ್ವಲ್ಪ ಅಪಾಯದ್ದು, 9 ಸರಿ ಅಂದ್ರೆ 19 ಯಾಕಲ್ಲ, 19 ಆದ್ಮೇಲೆ ಶ್ರಾವಣ ಪೂರ್ತಿ ಯಾಕಲ್ಲ. ಆದ್ರೆ ನನ್ನ ಅಭಿಪ್ರಾಯದ ಮೇಲೆ ನಿಮ್ಮ ಶಟರ್ ಮೇಲೇಳಲ್ಲ. ತೀರ್ಪು ತೀರ್ಪೇ, ಆ ದಿನಗಳಲ್ಲಿ ಮುಚ್ಚಿ.

ಎರಡನೇದು ಈ ಹುಡುಗ್ರದ್ದು. ಇವರ ಹತ್ರ ಏನೂ ಇಲ್ಲ. ಕಾನೂನು ಇದೆ ಅಂದ್ರಲ್ಲ, ಯಾವ ಕಾಯ್ದೆ, ಯಾವ ಆದೇಶ, ನಂಬರ್ ಎಷ್ಟು, ಆರ್ಡರ್ ಕಾಪಿ ಎಲ್ಲೈತೆ ಅಂತ ಕೇಳಿ. ಜಗಳದ ದನೀಲಿ ಕೇಳ್ಬೇಡಿ, ಕಿರಾಣಿ ಅಂಗಡೀಲಿ ಬಿಲ್ ಕೇಳ್ತೀವಲ್ಲ ಹಂಗೆ ಕೇಳಿ. ಮೂವತ್ತು ವರ್ಷದ ಪ್ರಾಕ್ಟೀಸಲ್ಲಿ ನಾನು ಕಂಡಿರೋದು ಏನಂದ್ರೆ, ದೇವರ ಹೆಸರಲ್ಲಿ ಬಂದು ಕಾನೂನು ಅನ್ನೋ ಹತ್ತು ಜನರಲ್ಲಿ ಒಬ್ಬರ ಹತ್ರನೂ ಒಂದು ಹಾಳೆ ಇರಲ್ಲ. ಜೊತೆಗೆ ನಗರಸಭೆಗೆ 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಲ್ಲಿ ಒಂದು ಅರ್ಜಿ ಹಾಕಿ, ಈ ವರ್ಷ ಮಾಂಸ ಮಾರಾಟ ನಿಷೇಧ ಇರೋ ದಿನಗಳ ಪಟ್ಟಿ ಕೊಡಿ ಅಂತ, 30 ದಿನದಲ್ಲಿ ಕೊಡ್ಬೇಕು. ಆ ಪಟ್ಟೀನ ಲೈಸೆನ್ಸ್ ಪಕ್ಕದಲ್ಲೇ ಫ್ರೇಮ್ ಹಾಕ್ಸಿ ತೂಗುಹಾಕಿ. ಪಟ್ಟೀಲಿ ಶ್ರಾವಣ ಶನಿವಾರ ಇಲ್ಲ ಅಂದ್ರೆ ನಿಮ್ಮ ಅಂಗಡಿ ತೆರೆಯೋದು ಸಂವಿಧಾನದ 19ನೇ ವಿಧಿ ಕೊಟ್ಟಿರೋ ಹಕ್ಕು. ಶಟರ್ ಎಳೆದು ದಾರಿ ಅಡ್ಡ ಹಾಕೋದು ಭಾರತೀಯ ನ್ಯಾಯ ಸಂಹಿತೆ 126, ಹೆದರಿಸೋದು 351, ಹೆದರಿಸಿ ದುಡ್ಡು ಕೇಳಿದ್ರೆ 308. ಮೊಬೈಲಲ್ಲಿ ವಿಡಿಯೋ ಮಾಡ್ಕೊಳ್ಳಿ, 112ಕ್ಕೆ ಹೊಡೀರಿ.

ಒಂದು ಹಳೇ ಕಥೆ ಹೇಳ್ತೀನಿ, ನಿಮಗೆ ತಮಾಷೆ ಅನ್ನಿಸ್ಬಹುದು. ಇಂಗ್ಲೆಂಡಲ್ಲಿ ಪ್ಯೂರಿಟನ್ ಅಂತ ಒಂದು ಪಂಗಡ, ಬಹಳ ಮಡಿ ಜನ, ಕ್ರಿಸ್‌ಮಸ್ ಆಚರಿಸೋದು ಬೈಬಲಲ್ಲೇ ಇಲ್ಲ, ಕುಡಿದು ಕುಣಿಯೋಕೆ ನೆಪ ಅಂತ ಅವರ ವಾದ. ಪಾರ್ಲಿಮೆಂಟಲ್ಲಿ ಕೈ ಮೇಲಾದಾಗ 1647ರಲ್ಲಿ ಆ ಹಬ್ಬಾನೇ ರದ್ದು ಮಾಡಿದ್ರು. ಆ ವರ್ಷ ಡಿಸೆಂಬರಲ್ಲಿ ಕ್ಯಾಂಟರ್‌ಬರಿ ಊರಿನ ಮೇಯರು ಅಂಗಡಿಯೋರಿಗೆ ಹೇಳ್ದ, ಹಬ್ಬ ಇಲ್ಲ, ಎಲ್ಲಾ ಅಂಗಡಿ ತೆಗೀರಿ ಅಂತ. ತೆಗೆದಿದ್ದು ಕೆಲವರು ಮಾತ್ರ, ಜನ ಬಂದು ಅವರ ಸಾಮಾನೆಲ್ಲಾ ಬೀದಿಗೆ ಎಸೆದ್ರು, ಊರೇ ಗಲಾಟೆ ಆಯ್ತು. ನೋಡಿ, ನಿಮಗೆ ಮುಚ್ಚು ಅಂತಾರೆ, ಅವರಿಗೆ ತೆಗಿ ಅಂದ್ರು, ಎರಡು ಕಡೆನೂ ಒದೆ ತಿಂದಿದ್ದು ಅಂಗಡಿಯೋನೇ. 1660ರಲ್ಲಿ ಪ್ಯೂರಿಟನ್ನರ ಕೈ ಕೆಳಗಾಗಿ ರಾಜ ವಾಪಸ್ ಬಂದ ಮೇಲೆ ಹಬ್ಬನೂ ವಾಪಸ್ ಬಂತು.

ನೀವು ಕೇಳಿಲ್ಲ, ಆದ್ರೂ ಹೇಳ್ತೀನಿ, 2020ರ ಗೋಹತ್ಯೆ ನಿಷೇಧ ಕಾಯ್ದೆಗೂ ನಿಮ್ಮ ಕುರಿ ಮೇಕೆಗೂ ಸಂಬಂಧ ಇಲ್ಲ. ಅದು ದನಕರು, ಎಮ್ಮೆ ವಿಷಯ, 13 ವರ್ಷ ದಾಟಿದ ಎಮ್ಮೆ ಕೋಣ ಬಿಟ್ಟು. ಯಾರಾದ್ರೂ ಆ ಕಾಯ್ದೆ ಹೆಸರೇಳಿ ಟಗರಿನ ಗಾಡಿ ನಿಲ್ಲಿಸಿದ್ರೆ ಅವರಿಗೆ ಟಗರಿಗೂ ಹೋರಿಗೂ ವ್ಯತ್ಯಾಸ ಗೊತ್ತಿಲ್ಲ ಅಂತ ಅರ್ಥ.

ಪ್ರಶ್ನೆ: ನಮ್ಮಜ್ಜಿ ಮಾರಮ್ಮನಿಗೆ ಕುರಿ ಹರಕೆ ಹೊತ್ಕೊಂಡಿದ್ರು, ಮೊಮ್ಮಗನಿಗೆ ಆಪರೇಷನ್ ಆಗಿ ಬದುಕಿದ್ರೆ ಅಂತ. ಹುಡುಗ ಚೆನ್ನಾಗಿದಾನೆ. ಜಾತ್ರೇಲಿ ಪೊಲೀಸ್ ನಿಂತಿದ್ರು, ಗುಡಿ ಹತ್ರ ಕಡಿಯಂಗಿಲ್ಲ ಅಂದ್ರು. ಅಜ್ಜಿ ಅಳ್ತಾ ಕೂತಿದ್ದಾರೆ ಹರಕೆ ಬಾಕಿ ಉಳೀತು ಅಂತ. ಇದು ನಮ್ಮ ದೇವರು, ನಮ್ಮ ಕುರಿ, ಸರ್ಕಾರಕ್ಕೇನು?
ಕೋಲಾರ ತಾಲೂಕು

ಉತ್ತರ: ಇಲ್ಲಿ ಆರ್ಡರ್ ಕಾಪಿ ಇದೆ ಕಣಪ್ಪ, ಏನು ಮಾಡ್ಲಿ. ಪ್ರಾಣಿಬಲಿ ತಡೆ ಕಾಯ್ದೆ 1959ರದ್ದು, ಮೈಸೂರು ರಾಜ್ಯ ಇದ್ದಾಗಿನದು, ಇವತ್ತಿಗೂ ಜಾರಿಯಲ್ಲಿದೆ. ದೇವಸ್ಥಾನದಲ್ಲಿ, ಅದರ ಆವರಣದಲ್ಲಿ ಬಲಿ ಕೊಡೋ ಹಂಗಿಲ್ಲ. ಅದಕ್ಕೇ ಪ್ರತಿ ಜಾತ್ರೆಗೆ ತಹಶೀಲ್ದಾರರು ಬ್ಯಾನರ್ ಕಟ್ಟಿಸೋದು, ಪೊಲೀಸ್ ನಿಲ್ಸೋದು.

ಜನ ಏನು ಮಾಡ್ತಾರೆ ಅಂತ ನಿಮಗೂ ಗೊತ್ತು ನನಗೂ ಗೊತ್ತು, ಬ್ಯಾನರ್ ಕಟ್ಟಿದೋರಿಗೂ ಗೊತ್ತು. ಕುರಿಗೆ ಅರಿಶಿನ ಕುಂಕುಮ ಇಟ್ಟು ಹೂವಿನ ಹಾರ ಹಾಕಿ ಗುಡಿ ಮುಂದೆ ನಿಲ್ಲಿಸ್ತಾರೆ, ಪೂಜಾರಪ್ಪ ಬೇವಿನ ಸೊಪ್ಪಲ್ಲಿ ತೀರ್ಥ ಚಿಮುಕಿಸ್ತಾನೆ, ಎಲ್ಲರೂ ಉಸಿರು ಬಿಗಿಹಿಡಿದು ನೋಡ್ತಾ ಇರ್ತಾರೆ, ಅದು ಒಂದ್ಸಲ ಮೈ ಒದರ್ತು ಅಂದ್ರೆ ಅಮ್ಮ ಒಪ್ಪಿದ್ಲು. ಒದರ್ಲಿಲ್ಲ ಅಂದ್ರೆ ಮನೇಲಿ ಯಾರು ಏನು ತಪ್ಪು ಮಾಡಿದ್ರಿ ಅಂತ ಅಲ್ಲೇ ವಿಚಾರಣೆ ಶುರು, ನಮ್ಮ ಸೆಷನ್ಸ್ ಕೋರ್ಟಿಗಿಂತ ಜೋರು. ಒದರಿದ ಮೇಲೆ ಹಗ್ಗ ಹಿಡ್ಕೊಂಡು ಹುಣಿಸೆ ತೋಪಿಗೋ ತೋಟದ ಮನೆಗೋ ಹೋಗ್ತಾರೆ, ಮಿಕ್ಕಿದ್ದು ಅಲ್ಲಿ. ಗುಡಿಯಿಂದ ದೂರ, ನಿಮ್ಮ ಸ್ವಂತ ಜಾಗದಲ್ಲಿ, ಊಟಕ್ಕೆ ಅಂತ ಮಾಡಿದ್ರೆ ಈ ಕಾಯ್ದೆ ಅಲ್ಲಿಗೆ ಬರಲ್ಲ. ಅಜ್ಜಿಗೆ ಹೇಳಿ, ಮೈ ಒದರಿದಾಗಲೇ ಅಮ್ಮನ ಲೆಕ್ಕ ಚುಕ್ತಾ ಆಯ್ತು ಅಂತ ನಮ್ಮ ಕಡೆ ಎಷ್ಟೋ ಪೂಜಾರಿಗಳೇ ಹೇಳ್ತಾರೆ.

ಇನ್ನು ಸರ್ಕಾರಕ್ಕೇನು ಅಂದ್ರಲ್ಲ. ಈ ಕಾಯ್ದೆ ಬಗ್ಗೆ ನನಗೆ ಮೊದಲಿಂದ ಒಂದು ಕಿರಿಕಿರಿ ಇದೆ. ಪ್ರಾಣಿಗೆ ನೋವಾಗ್ಬಾರದು ಅನ್ನೋ ಕಾಳಜಿ ಆಗಿದ್ರೆ ಅದೇ ಕುರಿ ಭಾನುವಾರ ಅಂಗಡೀಲಿ ಕೊಯ್ದಾಗಲೂ ಆಗ್ಬೇಕಿತ್ತು. ದೇವರ ಮುಂದೆ ರಕ್ತ ಬೀಳ್ಬಾರದು ಅನ್ನೋದು ಒಂದು ಥರದ ಹಿಂದೂಗಳ ಮಡಿ, ಮಾರಮ್ಮ ಎಲ್ಲಮ್ಮನ ಒಕ್ಕಲಿಗೆ ಆ ಮಡಿ ಯಾವತ್ತೂ ಇರ್ಲಿಲ್ಲ, ಅವರಮ್ಮ ಬಾಡು ಉಣ್ಣೋ ಅಮ್ಮನೇ. ಒಬ್ಬರ ಮನೆ ಆಚಾರವನ್ನ ಇನ್ನೊಬ್ಬರ ಗುಡಿಗೆ ಕಾಯ್ದೆ ಮಾಡಿ ಹಾಕಿದ್ದು ಇದು. ಆರೂವರೆ ದಶಕ ಆಯ್ತು, ಬಲಿ ನಿಂತಿಲ್ಲ, ಗುಡಿಯಿಂದ ತೋಪಿಗೆ ಜಾಗ ಬದಲಾಯ್ಸಿದೆ ಅಷ್ಟೆ. ಜಾತ್ರೆ ಡ್ಯೂಟಿಗೆ ಬಂದ ಪೇದೆನೂ ಮಧ್ಯಾಹ್ನ ಅದೇ ತೋಪಲ್ಲಿ ಮುದ್ದೆ ಮುರೀತಾನೆ, ಪಾಪ ಅವನೂ ನಮ್ಮೂರಿನೋನೇ.

ಪ್ರಶ್ನೆ: ನಾನು ಬಿ.ಕಾಂ ಓದಿದೀನಿ, ಮದುವೆಯಾಗಿ ಶಿರಾ ಕಡೆ ಒಂದು ಗೊಲ್ಲರಹಟ್ಟಿಗೆ ಬಂದೆ. ತಿಂಗಳಲ್ಲಿ ಮೂರು ದಿನ ಹಟ್ಟಿ ಹೊರಗೆ ಇರ್ಬೇಕು. ಈಗ ನನಗೆ ಏಳನೇ ತಿಂಗಳು. ಹೆರಿಗೆ ಆದ್ಮೇಲೆ ಮಗೂನ ಕರ್ಕೊಂಡು ಹೊರಗಡೆ ಗುಡಿಸಲಲ್ಲಿ ಇರ್ಬೇಕು ಅಂತ ಅತ್ತೆ ಹೇಳ್ತಾರೆ, ನಮ್ಮ ದೇವರಿಗೆ ಆಗಲ್ಲ ಅಂತಾರೆ. ಗಂಡ ಒಳ್ಳೇವ್ರು ಆದ್ರೆ ಮಾತಾಡಲ್ಲ. ನಾನು ಏನು ಮಾಡ್ಲಿ ಸಾರ್?

ಉತ್ತರ: ತಾಯಿ, ನಿಮ್ಮ ಕಾಗದ ಓದಿ ಎದ್ದು ಹೋಗಿ ನೀರು ಕುಡ್ಕೊಂಡು ಬಂದು ಕೂತೆ. 2023ರ ಜುಲೈನಲ್ಲಿ ನಮ್ಮ ತುಮಕೂರು ಹತ್ರದ ಒಂದು ಹಟ್ಟೀಲಿ ಇದೇ ಥರ ಹೊರಗಿಟ್ಟಿದ್ದ ಬಾಣಂತಿಯ ಹಸುಗೂಸು ಮಳೆ ಚಳಿಗೆ ಸಿಕ್ಕಿ ತೀರ್ಕೊಂಡ್ತು. ರಾಜ್ಯಕ್ಕೆಲ್ಲಾ ಸುದ್ದಿ ಆಯ್ತು, ಜಡ್ಜುಗಳು ಅಧಿಕಾರಿಗಳು ಹಟ್ಟಿಗೆ ಹೋದ್ರು. ಆಷಾಢದ ಗಾಳಿ ಹೆಂಗಿರುತ್ತೆ ಅಂತ ಶಿರಾ ಬಯಲಲ್ಲಿರೋ ನಿಮಗೆ ನಾನು ಹೇಳ್ಬೇಕಾ, ದೊಡ್ಡೋರೇ ಕಂಬಳಿ ಹೊದ್ಕೊಂಡು ನಡುಗ್ತಾರೆ.

ಕಾನೂನು ನಿಮ್ಮ ಕಡೆ ಗಟ್ಟಿಯಾಗಿದೆ. ಅಮಾನವೀಯ ದುಷ್ಟ ಪದ್ಧತಿ ಮತ್ತು ವಾಮಾಚಾರ ತಡೆಯೋ ಕಾಯ್ದೆ 2017ರಲ್ಲಿ ಪಾಸಾಗಿ 2020ರಲ್ಲಿ ಜಾರಿಗೆ ಬಂತು. ಮುಟ್ಟಾದ ಅಥವಾ ಗರ್ಭಿಣಿ ಹೆಂಗಸನ್ನ ಬಲವಂತವಾಗಿ ಹೊರಗಿಡೋದು, ಊರೊಳಗೆ ಬಿಟ್ಕೊಳ್ಳದೇ ಇರೋದು ಅದರಲ್ಲಿ ಅಪರಾಧ ಅಂತಾನೇ ಇದೆ. 1 ವರ್ಷದಿಂದ 7 ವರ್ಷದವರೆಗೂ ಜೈಲು, ಮೇಲೆ 5,000ದಿಂದ 50,000 ದಂಡ. ಆದ್ರೆ ಅತ್ತೇನ ಜೈಲಿಗೆ ಹಾಕ್ಸಿ ಅದೇ ಮನೇಲಿ ಬಾಣಂತನ ಮಾಡಿಸ್ಕೊಳ್ಳೋಕೆ ಆಗಲ್ಲ ಅನ್ನೋದು ನನಗೂ ಗೊತ್ತು. ಅದಕ್ಕೆ ಈಗಲೇ, ಏಳನೇ ತಿಂಗಳಲ್ಲೇ ಕೆಲಸ ಶುರು ಮಾಡಿ. ನಿಮ್ಮ ಆಶಾ ಕಾರ್ಯಕರ್ತೆ, ಅಂಗನವಾಡಿ ಟೀಚರ್ ಇಬ್ಬರಿಗೂ ಹೇಳಿ, ಅವರು ಮೇಲಕ್ಕೆ ತಿಳಿಸ್ತಾರೆ. 181 ಮಹಿಳಾ ಸಹಾಯವಾಣಿ, ಹೆಸರು ಹೇಳಿ ಬರೆಸಿ. ಮಗು ಹುಟ್ಟಿದ ಮೇಲೆ ಏನಾದ್ರೂ ಆದ್ರೆ 1098, ಮಕ್ಕಳ ಸಹಾಯವಾಣಿ. ಡೆಲಿವರಿ ಆಸ್ಪತ್ರೇಲೇ ಆಗ್ಲಿ, ಡಿಸ್ಚಾರ್ಜ್ ಮಾಡೋ ಮುಂಚೆ ಡಾಕ್ಟರಿಗೆ ಹೇಳಿ, ನನ್ನನ್ನ ಗುಡಿಸಲಿಗೆ ಕಳಿಸ್ತಾರೆ ಅಂತ. ಡಾಕ್ಟರ್ ಒಂದು ಮಾತು ಅತ್ತೆಗೆ ಹೇಳಿದ್ರೆ ನಾನು ನೂರು ಸೆಕ್ಷನ್ ಹೇಳೋದಕ್ಕಿಂತ ತೂಕ ಜಾಸ್ತಿ. ತವರಿಗೆ ಹೋಗೋಕಾದ್ರೆ ಹೋಗಿ, ಚೊಚ್ಚಲ ಬಾಣಂತನ ತವರಲ್ಲಿ ಅಂದ್ರೆ ಯಾರೂ ಬೇಡ ಅನ್ನಂಗಿಲ್ಲ, ಶಾಸ್ತ್ರನೂ ನಿಮ್ಮ ಕಡೆನೇ ಆಯ್ತು.

ನಿಮ್ಮ ಯಜಮಾನರಿಗೆ ಈ ಪುಟ ಓದಿಸಿ. ಒಳ್ಳೇವ್ರಾಗಿ ಸುಮ್ನೆ ಕೂತ್ರೆ ಆಗಲ್ಲ ತಮ್ಮ, ಬಾಯಿ ಬಿಡು.

ಪ್ರಶ್ನೆ: ನಿಮ್ಮ ಅಂಕಣ ಓದ್ತಾ ಇರ್ತೀನಿ. ಶಾಸ್ತ್ರದ ಹೆಸರಲ್ಲಿ ಕಾನೂನು ಮಾಡಿದ್ರೆ ಬೇಡ ಅಂತೀರ, ಶಾಸ್ತ್ರದ ವಿರುದ್ಧ ಕಾನೂನು ಮಾಡಿದ್ರೆ ಚಪ್ಪಾಳೆ ಹೊಡೀತೀರ. ಮೌಢ್ಯ ನಿಷೇಧನೂ ಹೇರಿಕೇನೇ ಅಲ್ವಾ?
ನಿವೃತ್ತ ಮೇಷ್ಟ್ರು, ತಿಪಟೂರು

ಉತ್ತರ: ಮೇಷ್ಟ್ರೇ, ಪ್ರಶ್ನೆ ಚೆನ್ನಾಗಿದೆ, ಹೇರಿಕೆ ಹೌದು. ಯಾವ ಕಾನೂನು ಹೇರಿಕೆ ಅಲ್ಲ ಹೇಳಿ, ಹೆಲ್ಮೆಟ್ಟೂ ಹೇರಿಕೆನೇ. ಸಂವಿಧಾನದ 25ನೇ ವಿಧಿ ಧರ್ಮ ಪಾಲಿಸೋ ಸ್ವಾತಂತ್ರ್ಯ ಕೊಡುವಾಗಲೇ ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯ ಇದಕ್ಕೆ ಒಳಪಟ್ಟು ಅಂತ ಬರೆದೇ ಕೊಟ್ಟಿದೆ. ನಾನು ನೋಡೋದು ಒಂದೇ, ಆ ಆಚಾರದ ಭಾರ ಯಾರ ಮೈಮೇಲೆ ಬೀಳುತ್ತೆ, ಅವರು ಬೇಡ ಅಂದ್ರೆ ಬಿಡ್ತಾರಾ. ನೀವು ಏಕಾದಶಿ ಉಪವಾಸ ಮಾಡಿ, ಹಸಿವು ನಿಮ್ಮದು, ಕಾನೂನಿಗೆ ಅಲ್ಲಿ ಕೆಲಸ ಇಲ್ಲ. ಹಸುಗೂಸಿಗೆ ಚಳಿ ಬೇಕಾ ಅಂತ ಯಾರೂ ಕೇಳಲ್ಲ, ಅಲ್ಲಿ ಕಾನೂನು ಬರ್ಬೇಕು. 1982ರಲ್ಲಿ ದೇವದಾಸಿ ಬಿಡೋದನ್ನ ನಿಲ್ಲಿಸಿದ್ದೂ ಇದೇ ಲೆಕ್ಕ, ಮುತ್ತು ಕಟ್ಟಿಸ್ಕೊಳ್ಳೋ ಹುಡುಗಿಗೆ ಎಂಟೋ ಹತ್ತೋ ವರ್ಷ ಇರ್ತಿತ್ತು. ಅದಕ್ಕೇ ಮೇಲೆ ಕುರಿ ಕಾಯ್ದೆ ಬಗ್ಗೆ ಮೂಗು ಮುರಿದೆ, ಹಟ್ಟಿ ವಿಷಯಕ್ಕೆ ಮುರೀಲಿಲ್ಲ.

ನಿಮ್ಮ ಮಾತಲ್ಲಿ ಅರ್ಧ ನಿಜನೂ ಇದೆ ಅಂತ ಒಪ್ಕೋತೀನಿ. ಆ 2017ರ ಕಾಯ್ದೇಲಿ ಎಂಜಲೆಲೆ ಮೇಲೆ ಉರುಳೋ ಮಡೆಸ್ನಾನ, ಬೆತ್ತಲೆ ಸೇವೆ, ಬಾಯಿಗೆ ಸರಳು ಚುಚ್ಚೋ ಬಾಯಿಬೀಗ ಎಲ್ಲಾ ಇದೆ, ಜ್ಯೋತಿಷ್ಯ ವಾಸ್ತು ಸಲಹೆ ಮಾತ್ರ ಹೊರಗೆ. ಬಡವರ ಮೌಢ್ಯ ಪಟ್ಟೀಲಿ ಸೇರ್ತು, ಕಾಸಿರೋರ ಮೌಢ್ಯ ಶಾಸ್ತ್ರ ಆಗಿ ಉಳ್ಕೊಂಡ್ತು. ನಮ್ಮ ಗೌರಿಬಿದನೂರು ತಾಲೂಕಿನ ಹೊಸೂರಿನೋರು ಡಾ. ಎಚ್. ನರಸಿಂಹಯ್ಯನೋರು, 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಆಗಿದ್ದಾಗ ಪವಾಡ ಪರೀಕ್ಷೆ ಮಾಡೋಕೆ ಒಂದು ಸಮಿತಿ ಮಾಡಿ, ನೇರ ಸತ್ಯಸಾಯಿ ಬಾಬಾಗೇ ಕಾಗದ ಬರೆದ್ರು, ನಮ್ಮ ಮುಂದೆ ಮಾಡಿ ತೋರಿಸಿ ಅಂತ. ಉತ್ತರ ಬರ್ಲಿಲ್ಲ. ಪೊಲೀಸ್ ಇಲ್ಲ, ಕೇಸಿಲ್ಲ, ಒಂದು ಅಂಚೆ ಕವರು. ನನಗೆ ಆ ದಾರಿ ಇಷ್ಟ, ಆದ್ರೆ ಗುಡಿಸಲಲ್ಲಿರೋ ಕೂಸಿಗೆ ಅಷ್ಟು ಟೈಮಿಲ್ಲ ಮೇಷ್ಟ್ರೇ.

ಪ್ರಶ್ನೆ: ನಾನು ತುಮಕೂರಲ್ಲಿ ಡಿಗ್ರಿ ಎರಡನೇ ವರ್ಷ. ನನ್ನ ಫ್ರೆಂಡ್ ಹಿಜಾಬ್ ಹಾಕ್ತಾಳೆ, ನಾನು ಹಾಕಲ್ಲ, ನಾವಿಬ್ಬರೂ ಮುಸ್ಲಿಮರೇ. ಇರಾನಲ್ಲಿ ಹಾಕ್ದೇ ಇದ್ರೆ ಪೊಲೀಸ್ ಹಿಡೀತಾರೆ, ಇಲ್ಲಿ ಹಾಕಿದ್ರೆ ಕಾಲೇಜೊಳಗೆ ಬಿಡಲ್ಲ ಅಂದ್ರು. ಯಾವುದು ಸರಿ? ಮನೇಲಿ ಕೇಳಿದ್ರೆ ಬೈತಾರೆ.

ಉತ್ತರ: ಮಗಳೇ, ನಿನ್ನ ಪ್ರಶ್ನೇಲೇ ಉತ್ತರ ಇದೆ. ಇರಾನ್ ಅಂದ್ಯಲ್ಲ, ಅಲ್ಲಿ ಎರಡೂ ಆಗಿದೆ. 1936ರಲ್ಲಿ ರೆಜಾ ಷಾ ಅನ್ನೋ ರಾಜ ದೇಶ ಮಾಡರ್ನ್ ಆಗ್ಬೇಕು ಅಂತ ಮುಸುಕು ನಿಷೇಧ ಮಾಡ್ದ, ಪೊಲೀಸರು ಬೀದೀಲಿ ಹೆಂಗಸರ ತಲೆ ಮೇಲಿನ ಬಟ್ಟೆ ಕಿತ್ತಾಕ್ತಿದ್ರು, ಎಷ್ಟೋ ಹೆಂಗಸರು ಮನೆ ಬಿಟ್ಟು ಹೊರಗೇ ಬರ್ಲಿಲ್ಲ. 1979ರಲ್ಲಿ ಕ್ರಾಂತಿ ಆಯ್ತು, 1983ರಲ್ಲಿ ಹಾಕ್ಲೇಬೇಕು ಅಂತ ಕಾನೂನು ಬಂತು, ಹಾಕ್ದೇ ಇದ್ರೆ ಶಿಕ್ಷೆ. 2022ರ ಸೆಪ್ಟೆಂಬರ್ 16ಕ್ಕೆ ಮಹ್ಸಾ ಅಮಿನಿ ಅನ್ನೋ 22 ವರ್ಷದ ಹುಡುಗಿ ಸರಿಯಾಗಿ ಹಾಕಿಲ್ಲ ಅಂತ ಹಿಡಿದ ಪೊಲೀಸರ ವಶದಲ್ಲಿದ್ದು ಆಸ್ಪತ್ರೇಲಿ ತೀರ್ಕೊಂಡ್ಲು, ದೇಶ ಪೂರ್ತಿ ಬೀದಿಗೆ ಬಂತು. ಒಂದೇ ದೇಶ, ಒಂದೇ ತಲೆ, ಅಜ್ಜಿಗೆ ತೆಗಿ ಅಂದ್ರು, ಮೊಮ್ಮಗಳಿಗೆ ಹಾಕು ಅಂದ್ರು.

ನಮ್ಮಲ್ಲಿ ಆಗಿದ್ದು ಇಷ್ಟು. 2022ರ ಫೆಬ್ರವರಿ 5ಕ್ಕೆ ಸರ್ಕಾರ ಸಮವಸ್ತ್ರದ ಆದೇಶ ಮಾಡ್ತು, ಮಾರ್ಚ್ 15ಕ್ಕೆ ಹೈಕೋರ್ಟಿನ ಮೂರು ಜಡ್ಜುಗಳ ಪೀಠ ಅದು ಸರಿ ಅಂತು, ಹಿಜಾಬ್ ಆ ಧರ್ಮದ ಅತ್ಯಗತ್ಯ ಆಚರಣೆ ಅಲ್ಲ ಅಂತ. ಸುಪ್ರೀಂ ಕೋರ್ಟಿಗೆ ಹೋಯ್ತು, ಅಕ್ಟೋಬರ್ 13ಕ್ಕೆ ಇಬ್ಬರು ಜಡ್ಜುಗಳಲ್ಲಿ ಒಬ್ಬರು ಹೈಕೋರ್ಟ್ ಹೇಳಿದ್ದು ಸರಿ ಅಂದ್ರು, ಇನ್ನೊಬ್ಬರು ಇಲ್ಲ, ಅದು ಹುಡುಗಿಯ ಆಯ್ಕೆ, ಅವಳ ಓದು ಮುಖ್ಯ ಅಂದ್ರು. ನಾನು ವಕೀಲನಾಗಿ ಹೇಳೋದಾದ್ರೆ ಯಾವುದು ಅತ್ಯಗತ್ಯ ಆಚರಣೆ ಯಾವುದು ಅಲ್ಲ ಅಂತ ಜಡ್ಜುಗಳು ಧರ್ಮಗ್ರಂಥ ಬಿಚ್ಚಿ ಕೂರೋ ಪದ್ಧತಿನೇ ನನಗೆ ಹಿಡಿಸಲ್ಲ, ಅದು ಮಠ ಮಸೀದಿಯೋರ ಕೆಲಸ. ಕೋರ್ಟು ಕೇಳ್ಬೇಕಾಗಿದ್ದು ಈ ಹುಡುಗಿ ಪರೀಕ್ಷೆ ಬರೀತಾಳಾ ಇಲ್ವಾ ಅನ್ನೋದು.

ನಿನ್ನ ಫ್ರೆಂಡ್ ಹಾಕ್ಲಿ, ನೀನು ಹಾಕ್ಬೇಡ, ಇಬ್ಬರೂ ಒಂದೇ ಬೆಂಚಲ್ಲಿ ಕೂತ್ಕೊಳ್ಳಿ. ಮನೇಲಿ ಬೈದ್ರೆ ಬೈಸ್ಕೋ, ಬೈಯೋದು ಕಾನೂನಲ್ಲಿ ಅಪರಾಧ ಅಲ್ಲ.

ಪ್ರಶ್ನೆ: ಊರ ಹಬ್ಬದಲ್ಲಿ ನಮ್ಮ ಕೇರಿ ಹುಡುಗ ಉತ್ಸವದ ಕೋಲು ಮುಟ್ಟಿದ ಅಂತ ಪಂಚಾಯ್ತಿ ಸೇರ್ಸಿ ದಂಡ ಕಟ್ಟಿ, ಶುದ್ಧಿ ಮಾಡಿಸ್ಬೇಕು ಅಂತಿದಾರೆ. ಕಟ್ಟದಿದ್ರೆ ಊರಲ್ಲಿ ನೀರು ಕಿರಾಣಿ ಬಂದ್ ಅಂತೆ.
ಬಂಗಾರಪೇಟೆ ಕಡೆಯೋರು

ಉತ್ತರ: ಒಂದು ಪೈಸೆ ಕಟ್ಬೇಡಿ. 2022ರ ಸೆಪ್ಟೆಂಬರಲ್ಲಿ ಇದೇ ಕೋಲಾರ ಜಿಲ್ಲೆ ಮಾಲೂರು ತಾಲೂಕಿನ ಒಂದು ಹಳ್ಳೀಲಿ ಇಂಥದ್ದೇ ಆಗಿತ್ತು, ದಲಿತ ಹುಡುಗ ದೇವರ ಕೋಲು ಮುಟ್ಟಿದ ಅಂತ 60,000 ರೂಪಾಯಿ ದಂಡ ಕೇಳಿದ್ರು, ಪೊಲೀಸ್ ಕೇಸಾಯ್ತು. ಹಿರಿಯರು ಸೇರಿ ಕೂತ ಅರಳಿಕಟ್ಟೆ ಕೋರ್ಟಲ್ಲ. ಅಸ್ಪೃಶ್ಯತೆ 17ನೇ ವಿಧೀಲೇ ಹೋಗಿದೆ, 1955ರ ನಾಗರಿಕ ಹಕ್ಕುಗಳ ಕಾಯ್ದೆ ಇದೆ, 1989ರ ದೌರ್ಜನ್ಯ ತಡೆ ಕಾಯ್ದೆ ಇದೆ, 2015ರ ತಿದ್ದುಪಡಿ ಆದ್ಮೇಲೆ ನೀರು ಕಿರಾಣಿ ಬಂದ್ ಮಾಡೋ ಬಹಿಷ್ಕಾರನೂ ಅದರೊಳಗೇ ಬರುತ್ತೆ. ಇವತ್ತೇ ಠಾಣೆಗೆ ಬರವಣಿಗೇಲಿ ಕೊಡಿ, ಸ್ವೀಕೃತಿ ತಗೊಳ್ಳಿ, ಒಂದು ಪ್ರತಿ ಸಮಾಜ ಕಲ್ಯಾಣ ಇಲಾಖೆಗೆ. ಠಾಣೇಲಿ ರಾಜಿ ಮಾಡ್ಕೊಳ್ಳಿ ಅಂತಾರೆ, ಯಾವಾಗಲೂ ಅಂತಾರೆ. ದಂಡ ಕೇಳಿದೋರ ಹೆಸರು ಬರೆದು ಕೊಟ್ಟ ಮೇಲೆ ಆ ಮಾತು ಆಡಿ ಅಂತ ಹೇಳಿ.

ಪ್ರಶ್ನೆ: ಸ್ಟೇಟಸಲ್ಲಿ ಒಂದು ಜೋಕ್ ಹಾಕಿದ್ದೆ, ದೇವರ ಬಗ್ಗೆ ಅಲ್ಲ, ಡೋಂಗಿ ಸ್ವಾಮಿಗಳ ಬಗ್ಗೆ. ಧರ್ಮಕ್ಕೆ ಅವಮಾನ, ಜೈಲಿಗೆ ಹಾಕಿಸ್ತೀವಿ ಅಂತಿದಾರೆ. ಭಯ ಆಗ್ತಿದೆ.
ಚಿಕ್ಕಬಳ್ಳಾಪುರ

ಉತ್ತರ: ಅವರು ಹೇಳ್ತಿರೋದು ನ್ಯಾಯ ಸಂಹಿತೆ 299, ಮುಂಚೆ ಐಪಿಸಿ 295ಎ ಅಂತಿತ್ತು, ಬ್ರಿಟಿಷರು 1927ರಲ್ಲಿ ಸೇರಿಸಿದ್ದು. 3 ವರ್ಷದವರೆಗೂ ಜೈಲು. ಆದ್ರೆ ಬೇಕೂ ಅಂತಲೇ, ಕೆಟ್ಟ ಉದ್ದೇಶದಿಂದ ಒಂದು ವರ್ಗದ ಧಾರ್ಮಿಕ ಭಾವನೆ ಕೆರಳಿಸಿದ್ರೆ ಅಂತ ಇದೆ, ಕೋರ್ಟು ಕೇಸ್ ಕೈಗೆತ್ಕೋಬೇಕಂದ್ರೆ ಸರ್ಕಾರದ ಅನುಮತಿ ಬೇಕು. ಡೋಂಗಿ ಸ್ವಾಮಿಗೆ ಬೈದ್ರೆ ಧರ್ಮಕ್ಕೆ ಬೈದಂಗೆ ಅಂತ ಯಾರಾದ್ರೂ ಕೂಗಿದ್ರೆ ನಾನು ಆ ಸ್ವಾಮಿನ ಒಂದ್ಸಲ ನೋಡ್ಕೊಂಡು ಬರ್ತೀನಿ. ತೊಂದರೆ ಏನಂದ್ರೆ ಇದು ಪೊಲೀಸರು ವಾರಂಟ್ ಇಲ್ದೇ ಹಿಡಿಯೋ ಸೆಕ್ಷನ್ನು, ಕೋರ್ಟಲ್ಲಿ ಗೆಲ್ಲೋದು ಆಮೇಲಿನ ಮಾತು, ಮೊದಲು ಸ್ಟೇಷನ್ ಬೆಂಚು. ಸ್ಕ್ರೀನ್‌ಶಾಟ್ ಇಟ್ಕೊಳ್ಳಿ, ಬಂದಿರೋ ಬೆದರಿಕೆ ಮೆಸೇಜೂ ಇಟ್ಕೊಳ್ಳಿ, ಹತ್ತಿರದ ವಕೀಲರನ್ನ ಇವತ್ತೇ ನೋಡಿ. ಐರ್ಲೆಂಡಿನೋರು 2018ರಲ್ಲಿ ಜನಮತ ಕೇಳಿ ತಮ್ಮ ಸಂವಿಧಾನದಿಂದ ದೇವನಿಂದೆ ಅಪರಾಧನೇ ತೆಗೆದುಹಾಕಿದ್ರು, ಅವರ ಚರ್ಚೇನೂ ಬಿದ್ದೋಗ್ಲಿಲ್ಲ.

ಪ್ರಶ್ನೆ: ರಂಜಾನ್ ತಿಂಗಳಲ್ಲಿ ಮುಸ್ಲಿಂ ದೇಶಗಳಲ್ಲಿ ಹಗಲು ತಿಂದ್ರೆ ಜೈಲಂತೆ, ನಿಜವಾ? ದುಬೈಗೆ ಹೋಗೋ ಪ್ಲಾನ್ ಇದೆ.
ಶಿಡ್ಲಘಟ್ಟ

ಉತ್ತರ: ಒಂದೊಂದು ದೇಶ ಒಂದೊಂದು ಥರ. ಪಾಕಿಸ್ತಾನದಲ್ಲಿ 1981ರಿಂದ ಕಾನೂನೇ ಇದೆ, ಉಪವಾಸದ ಹೊತ್ತಲ್ಲಿ ಸಾರ್ವಜನಿಕವಾಗಿ ತಿಂದ್ರೆ 3 ತಿಂಗಳವರೆಗೂ ಜೈಲು ಅಂತ ಬರೆದಿದ್ದಾರೆ. ಸೌದೀಲಿ ಧಾರ್ಮಿಕ ಪೊಲೀಸರಿಗೆ ಜನರನ್ನ ಹಿಡಿಯೋ ಅಧಿಕಾರ 2016ರಲ್ಲಿ ಹೋಯ್ತು. ಇಸ್ರೇಲಲ್ಲೂ ಯೆಹೂದಿಗಳ ಪಾಸೋವರ್ ಹಬ್ಬದಲ್ಲಿ ಹುಳಿ ಬಂದ ಬ್ರೆಡ್ಡು ಅಂಗಡಿ ಮುಂದೆ ಇಡಂಗಿಲ್ಲ ಅಂತ 1986ರ ಕಾನೂನಿದೆ, ಇದು ಒಂದೇ ಧರ್ಮದ ಕಾಯಿಲೆ ಅಲ್ಲ. ದುಬೈದು ಹೋಗೋ ಮುಂಚೆ ನಿಮ್ಮ ಕಂಪನಿಯೋರನ್ನ ಕೇಳಿ, ರೂಮಲ್ಲಿ ತಿನ್ನಿ.

ಪ್ರಶ್ನೆ: ಗಣೇಶ ವಿಸರ್ಜನೆ ದಿನ ಎಣ್ಣೆ ಅಂಗಡಿ ಬಂದ್ ಮಾಡೋದು ಧರ್ಮಕ್ಕಾ?
ಕುಣಿಗಲ್

ಉತ್ತರ: ಧರ್ಮಕ್ಕಲ್ಲ, ನಿಮಗೇ. ಡಿಸಿ ಆದೇಶದಲ್ಲಿ ಶಾಂತಿ ಸುವ್ಯವಸ್ಥೆ ಅಂತ ಇರುತ್ತೆ, ಓದಿ ನೋಡಿ.

ಪ್ರಶ್ನೆ: ಬಾಡಿಗೆ ಮನೆಗೆ ಹೋದ್ರೆ ಮಾಂಸ ತಿನ್ನೋರಿಗೆ ಕೊಡಲ್ಲ ಅಂತಾರೆ. ಕೇಸ್ ಹಾಕ್ಬಹುದಾ?
ತುಮಕೂರು

ಉತ್ತರ: ಹಾಕೋಕೆ ಗಟ್ಟಿ ಕಾನೂನಿಲ್ಲ, ಖಾಸಗಿ ಮನೆ, ಅವರ ಇಷ್ಟ ಅಂತ ಆಗೋಗುತ್ತೆ. ನನಗೂ 1990ರ ದಶಕದಲ್ಲಿ ಇದೇ ಊರಲ್ಲಿ ಮೂರು ಮನೆ ತಪ್ಪಿಹೋಯ್ತು. ನಾಲ್ಕನೇ ಮನೆ ಓನರಮ್ಮ ಏನೂ ಕೇಳ್ಲಿಲ್ಲ, ಒಂದು ತಿಂಗಳಾದ ಮೇಲೆ ಬಂದು, ನಿಮ್ಮನೆ ಸಾರಿಗೆ ಮಸಾಲೆ ಯಾವ ಅಂಗಡೀದು ಅಂತ ಕೇಳಿದ್ರು.

ಕೊನೆಗೆ ಒಂದು ಸುದ್ದಿ. ಈ ಪುಟ ಅಚ್ಚಿಗೆ ಹೋಗೋ ಮುಂಚೆ ಚಿಂತಾಮಣಿ ಮಟನ್ ಅಂಗಡಿ ಅಣ್ಣನಿಗೆ ಫೋನಲ್ಲೇ ಉತ್ತರ ಹೇಳಿದ್ದೆ. ಪಟ್ಟಿ ತರಿಸ್ಕೊಂಡ್ರಂತೆ, ಫ್ರೇಮ್ ಹಾಕ್ಸಿದ್ರಂತೆ, ಶ್ರಾವಣದ ಮೊದಲ ಶನಿವಾರ ಶಟರ್ ಎತ್ತಿದ್ರಂತೆ. ಹುಡುಗ್ರು ಬಂದು ಫ್ರೇಮ್ ಓದಿ, ಫೋಟೋ ಹೊಡ್ಕೊಂಡು ಹೋದ್ರಂತೆ. ವ್ಯಾಪಾರ ಹೆಂಗಾಯ್ತಣ್ಣ ಅಂದೆ. ಒಂದೂವರೆ ಕೆಜಿ ಸಾರ್ ಅಂದ್ರು, ಶ್ರಾವಣ ಶನಿವಾರ ಅಲ್ವಾ, ಯಾರು ತಿಂತಾರೆ, ನಮ್ಮನೇಲೇ ಅವತ್ತು ಒಲೆ ಮೇಲೆ ಬೇಳೆ ಸಾರು.